ಸ್ಟಿಯರಿಂಗ್ ಮುಟ್ಟುವ ಮುನ್ನ ಒಂದು ಪರೀಕ್ಷೆ

ಕಲಿಕಾ ಲೈಸೆನ್ಸ್, ಅಂದರೆ ಜನರ ಬಾಯಲ್ಲಿನ ಎಲ್‌ಎಲ್‌ಆರ್, ಬೇಕಾದವರು ಮೊದಲು ಪ್ರಶ್ನೆಗಳಿಗೆ ಉತ್ತರಿಸಬೇಕೆಂಬ ನಿಯಮ ಮೋಟಾರು ವಾಹನದಷ್ಟು ಹಳೆಯದಲ್ಲ. ಬ್ರಿಟನ್ನಿನ 1903ರ ಕಾಯ್ದೆ ಲೈಸೆನ್ಸನ್ನು ಕಡ್ಡಾಯ ಮಾಡಿತಾದರೂ ಐದು ಶಿಲಿಂಗ್ ಕಟ್ಟಿದವರಿಗೆಲ್ಲ ಅದು ಸಿಗುತ್ತಿತ್ತು. ಚಾಲನಾ ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ಗಾಡಿ ಓಡಿಸಿ ತೋರಿಸಿದವರಿಗೆ ಪರೀಕ್ಷಕರು ಕೊನೆಯಲ್ಲಿ ರಸ್ತೆ ನಿಯಮಗಳ ಬಗ್ಗೆ ಬಾಯಲ್ಲೇ ಒಂದೆರಡು ಪ್ರಶ್ನೆ ಕೇಳುತ್ತಿದ್ದರು. ಅದು ಪ್ರತ್ಯೇಕ ಲಿಖಿತ ಪರೀಕ್ಷೆಯಾಗಲು 1996ರವರೆಗೆ ಕಾಯಬೇಕಾಯಿತು.

ಭಾರತದಲ್ಲಿ 1914 ಮತ್ತು 1939ರ ಕಾಯ್ದೆಗಳ ನಂತರ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ. ಜಾರಿಯಾದದ್ದು 1989ರ ಜುಲೈ 1ರಂದು. ಇದರಲ್ಲಿ ಪರೀಕ್ಷೆಯ ಜಾಗ ಬಾಗಿಲಲ್ಲೇ: ಪಾಸಾಗದವರಿಗೆ ಕಲಿಯುವ ಪರವಾನಗಿಯೂ ಇಲ್ಲ. ಏನು ಕೇಳಬೇಕೆಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮ ಹೇಳುತ್ತದೆ. ಸಂಚಾರ ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮ, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವ ಎಚ್ಚರ, ಜತೆಗಿರಬೇಕಾದ ದಾಖಲೆಗಳು. ಪಠ್ಯ ಇಷ್ಟೇ.

ಓದುವವರ ಹೆಚ್ಚಿನ ಹೊತ್ತು ಹೋಗುವುದು ಚಿಹ್ನೆಗಳಿಗೆ. ವೃತ್ತವೆಂದರೆ ಆಜ್ಞೆ, ಕೆಂಪು ಅಂಚಿನ ತ್ರಿಕೋನವೆಂದರೆ ಎಚ್ಚರಿಕೆ, ನೀಲಿ ಆಯತವೆಂದರೆ ಮಾಹಿತಿ ಎಂಬುದು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ. ಎಡವಿಸುವುದು ಜೋಡಿಗಳು. ನೀಲಿ ವೃತ್ತದ ಮೇಲೆ ಒಂದೇ ಓರೆ ಗೆರೆ ಇದ್ದರೆ ನೋ ಪಾರ್ಕಿಂಗ್. ಗೆರೆಗಳು ಎರಡಾಗಿ ಒಂದನ್ನೊಂದು ಕತ್ತರಿಸಿದರೆ ಅಲ್ಲಿ ಗಾಡಿ ನಿಲ್ಲಿಸುವಂತೆಯೇ ಇಲ್ಲ. ತ್ರಿಕೋನದೊಳಗೆ ಗೇಟಿನ ಚಿತ್ರವಿದ್ದರೆ ಕಾವಲಿರುವ ಕ್ರಾಸಿಂಗ್, ಉಗಿಬಂಡಿಯ ಚಿತ್ರವಿದ್ದರೆ ಕಾವಲಿಲ್ಲದ್ದು.

ಈ ಎರಡನೆಯದರ ಬಗ್ಗೆ ಕಾಯ್ದೆಯ 131ನೇ ಕಲಮು ಬಹಳ ನಿಖರವಾಗಿದೆ. ಗಾಡಿ ನಿಲ್ಲಿಸಬೇಕು, ಕಂಡಕ್ಟರೋ ಕ್ಲೀನರೋ ಹಳಿಯವರೆಗೆ ನಡೆದು ಹೋಗಿ, ಎರಡೂ ಕಡೆಯಿಂದ ರೈಲಾಗಲಿ ಟ್ರಾಲಿಯಾಗಲಿ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಗಾಡಿಯನ್ನು ದಾಟಿಸಬೇಕು, ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಇಂಥ ಕ್ರಾಸಿಂಗ್‌ಗಳು 2019ರ ಜನವರಿ ಹೊತ್ತಿಗೆ ಇಲ್ಲವಾದವು, ಪಾಠ ಮಾತ್ರ ಉಳಿದುಕೊಂಡಿದೆ. ಅಪಘಾತದ ಕುರಿತ 134ನೇ ಕಲಮೂ ನಮ್ಮ ರಸ್ತೆಗಳನ್ನು ಬಲ್ಲವರು ಬರೆದದ್ದೇ: ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯ, ಜನ ರೊಚ್ಚಿಗೆದ್ದೋ ಕೈಮೀರಿದ ಬೇರೆ ಕಾರಣದಿಂದಲೋ ಅದು ಸಾಧ್ಯವಾಗದಿದ್ದರೆ ಮಾತ್ರ ವಿನಾಯಿತಿ.

ಶೇ 60ರಷ್ಟು ಸರಿ ಉತ್ತರ ಬಂದರೆ ಪಾಸು. ಹದಿನೈದು ಪ್ರಶ್ನೆಗಳಿದ್ದರೆ ಆರು ತಪ್ಪಿದರೂ ನಡೆಯುತ್ತದೆ, ಯಾವ ಆರು ಎಂಬುದನ್ನು ಯಾರೂ ಕೇಳುವುದಿಲ್ಲ. ನೋ ಎಂಟ್ರಿ ಫಲಕ ಗುರುತಿಸಲಾಗದವನೂ ಪಾಸಾಗಬಹುದಾದ ಈ ಲೆಕ್ಕ ಸಡಿಲವೇ ಸರಿ.

ಕಚೇರಿಯಲ್ಲಿ ಚಾರ್ಟು ತೋರಿಸಿ ಬಾಯಲ್ಲಿ ಕೇಳುತ್ತಿದ್ದ ಪ್ರಶ್ನೆಗಳು ಮುಂದೆ ಕಂಪ್ಯೂಟರಿಗೆ ಬಂದವು. 2021ರ ಮಾರ್ಚ್‌ನ ಕೇಂದ್ರದ ಅಧಿಸೂಚನೆ ಆಧಾರ್ ದೃಢೀಕರಣದ ಮೂಲಕ ಕಲಿಕಾ ಲೈಸೆನ್ಸಿನ ಕೆಲಸವನ್ನು ಆರ್‌ಟಿಓ ಮೆಟ್ಟಿಲು ಹತ್ತದೆ ಮುಗಿಸಲು ದಾರಿ ಮಾಡಿತು. ಹೀಗೆ ಸಿಕ್ಕ ಎಲ್‌ಎಲ್‌ಆರ್ ಆರು ತಿಂಗಳು ಊರ್ಜಿತ. ಆ ಅವಧಿಯಲ್ಲಿ ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಇರಬೇಕು, ಕಾರಾದರೆ ಪಕ್ಕದಲ್ಲಿ ಲೈಸೆನ್ಸ್ ಉಳ್ಳವರು ಕೂತಿರಬೇಕು. ಮೂವತ್ತು ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು.