ಸರ್ವರ್ ಇಲ್ಲವೋ, ದಾರಿ ಇಲ್ಲವೋ?

ಹೊಲದ ಉತಾರಕ್ಕೆಂದು ಕಚೇರಿಯ ಕಿಟಕಿಯ ಮುಂದೆ ನಿಂತವರು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಲು ಸಾಲುಗಟ್ಟಿದವರು, ಬ್ಯಾಂಕಿನಲ್ಲಿ ಪಾಸ್‌ಬುಕ್ಕು ಹಿಡಿದು ಕುಳಿತವರು, ಇವರೆಲ್ಲರೂ ಒಂದು ಮಾತನ್ನು ಕೇಳಿಯೇ ಇರುತ್ತಾರೆ: "ಸರ್ವರ್ ಇಲ್ರೀ, ನಾಳೆ ಬರ್ರಿ." ಮಳೆ ಇಲ್ಲ, ಕರೆಂಟು ಇಲ್ಲ ಎಂಬ ಮಾತುಗಳ ಸಾಲಿಗೆ ನಮ್ಮ ಸವಣೂರು ಸೀಮೆಯಲ್ಲಿ ಈಗ ಸರ್ವರ್ ಇಲ್ಲ ಎಂಬುದೂ ಸೇರಿಕೊಂಡಿದೆ. ಆದರೆ ಎಷ್ಟೋ ಸಲ ಇಲ್ಲದಿರುವುದು ಸರ್ವರ್ ಅಲ್ಲ. ಸರ್ವರ್ ಎಂದರೆ ಬೆಂಗಳೂರಿನಲ್ಲೋ ಮತ್ತೆಲ್ಲೋ ಕುಳಿತು, ಕೇಳಿದವರಿಗೆ ಕೇಳಿದ್ದನ್ನು ಒದಗಿಸುವ ಒಂದು ಕಂಪ್ಯೂಟರ್. ಅದು ನೆಟ್ಟಗೆ ಕೆಲಸ ಮಾಡುತ್ತಿದ್ದರೂ ಅದನ್ನು ಮುಟ್ಟುವ ದಾರಿ ಕಡಿದುಹೋಗಿರಬಹುದು. ಚರಂಡಿ ತೋಡುವ ಜೆ.ಸಿ.ಬಿ. ನೆಲದೊಳಗಿನ ಕೇಬಲನ್ನು ಹರಿದಿರಬಹುದು. ಮೂಲೆಯ ಪೆಟ್ಟಿಗೆಯಲ್ಲಿ ಸ್ವಿಚ್ಚಿಗೆ ವಿದ್ಯುತ್ತು ಬರದಿರಬಹುದು. ಅಥವಾ ಯಾರೋ ಒಂದು ಅಂಕಿಯನ್ನು ತಪ್ಪಾಗಿ ಬರೆದಿರಬಹುದು. ಕೆಟ್ಟದ್ದು ಸರ್ವರೋ ದಾರಿಯೋ, ದಾರಿಯಾದರೆ ಎಷ್ಟನೆಯ ಮೈಲಿಯಲ್ಲಿ ಎಂಬುದನ್ನು ಬಿಡಿಸಿ ಹೇಳಬಲ್ಲ ಮನುಷ್ಯನನ್ನೇ ನೆಟ್‌ವರ್ಕ್ ಇಂಜಿನಿಯರ್ ಎನ್ನುತ್ತಾರೆ. ಆ ಕಸುಬನ್ನು ಹಿಡಿಯುವುದು ಹೇಗೆ, ಅದರಲ್ಲಿ ಬೆಳೆಯುವುದು ಹೇಗೆ ಎಂಬುದು ಇಂದಿನ ಮಾತು.

ಛಂದಸ್ಸು, ವ್ಯಾಕರಣಗಳನ್ನು ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯ ಏಕೆ ಎಂದು ನೀವು ಕೇಳಬಹುದು. ನಿವೃತ್ತ ಮೇಷ್ಟರ ಮನೆಗೆ ಊರಿನವರು ಇನ್ನೂ ಸಲಹೆ ಕೇಳಲು ಬರುತ್ತಾರೆ ಎಂಬುದೇ ಕಾರಣ. ಎಲೆಬಳ್ಳಿಯ ತೋಟದಲ್ಲಿ ದುಡಿಯುವ ರೈತರೊಬ್ಬರು ಬಂದಿದ್ದರು. ಮಗ ಬಿ.ಎಸ್ಸಿ. ಮುಗಿಸಿದ್ದಾನೆ, ಬೆಂಗಳೂರಿನ ಒಂದು ತರಬೇತಿ ಸಂಸ್ಥೆ "ನೆಟ್‌ವರ್ಕಿಂಗ್ ಕೋರ್ಸು, ನೌಕರಿ ಖಾತ್ರಿ" ಎಂದು ಹೇಳಿದೆ, ಶುಲ್ಕಕ್ಕಾಗಿ ಎರಡು ಎಕರೆ ಹೊಲವನ್ನು ಒತ್ತೆಯಿಡಬೇಕು. "ಇಡಲೇನ್ರೀ ಸರ?" ಎಂದು ಅವರು ಕೇಳಿದರು. ಉತ್ತರ ಹೇಳುವ ಮೊದಲು ಆ ವಿದ್ಯೆಯಲ್ಲಿ ಇರುವುದೇನು ಎಂದು ತಿಳಿಯಬೇಕಾಯಿತು. ಹಳೆಯ ವಿದ್ಯಾರ್ಥಿಗಳನ್ನು ಕೇಳಿದೆ, ಒಂದಿಷ್ಟು ಓದಿದೆ. ಓದುತ್ತ ಹೋದಂತೆ ಈ ವಿದ್ಯೆ ನನಗೆ ಅಷ್ಟೇನೂ ಅಪರಿಚಿತವಲ್ಲ ಎನಿಸಿತು.

ಅಂಚೆಯ ಪಿನ್‌ಕೋಡನ್ನು ತೆಗೆದುಕೊಳ್ಳಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪದ್ಧತಿ ಅದು. ಸವಣೂರಿನ ಸಂಖ್ಯೆ 581118. ದಿಲ್ಲಿಯಲ್ಲಿ ಪತ್ರ ವಿಂಗಡಿಸುವವನಿಗೆ ಸವಣೂರು ಎಲ್ಲಿದೆ ಎಂಬುದು ಗೊತ್ತಿರಬೇಕಾಗಿಲ್ಲ. ಮೊದಲನೆಯ 5 ಕಂಡೊಡನೆ ಅವನು ಅದನ್ನು ನಮ್ಮ ಕಡೆಯ ಚೀಲಕ್ಕೆ ಹಾಕುತ್ತಾನೆ. ಸಮೀಪಕ್ಕೆ ಬಂದಂತೆ ಮುಂದಿನ ಅಂಕಿಗಳನ್ನು ನೋಡುತ್ತಾರೆ. ಕೊನೆಯ ಅಂಕಿಗಳನ್ನು ನೋಡುವವನು ನಮ್ಮ ನೆರೆಯವನು. ಓಣಿ, ಮನೆ ಬಲ್ಲವನು ಅಂಚೆಯಣ್ಣ ಮಾತ್ರ. ಇಂಟರ್‌ನೆಟ್ಟಿನಲ್ಲಿ ರೌಟರ್ ಎಂಬ ಪೆಟ್ಟಿಗೆ ಮಾಡುವುದೂ ಇದನ್ನೇ. ನೀವು ಕಳಿಸುವ ಚಿತ್ರವನ್ನಾಗಲಿ ಧ್ವನಿಯನ್ನಾಗಲಿ ಸಣ್ಣ ಸಣ್ಣ ಲಕೋಟೆಗಳಾಗಿ ತುಂಡರಿಸಿ, ಪ್ರತಿಯೊಂದರ ಮೇಲೂ ತಲುಪಬೇಕಾದ ವಿಳಾಸವನ್ನೂ ಕಳಿಸಿದವರ ವಿಳಾಸವನ್ನೂ ಬರೆಯಲಾಗುತ್ತದೆ. ದಾರಿಯ ಯಾವ ರೌಟರಿಗೂ ಪೂರ್ಣ ಮಾರ್ಗ ತಿಳಿದಿರುವುದಿಲ್ಲ. ತನ್ನಿಂದ ಮುಂದಿನ ಹೆಜ್ಜೆ ಯಾವುದು ಎಂಬುದಷ್ಟೇ ಅದಕ್ಕೆ ಗೊತ್ತು. ಇಷ್ಟು ಸಾಮಾನ್ಯವಾದ ಉಪಾಯದ ಮೇಲೆ ಪ್ರಪಂಚದ ಸಂಪರ್ಕವೆಲ್ಲ ನಿಂತಿದೆ ಎಂಬುದು ಆಶ್ಚರ್ಯವಲ್ಲವೆ?

ಒಂದು ವ್ಯತ್ಯಾಸವಿದೆ, ಕಲಿಯುವ ಹುಡುಗರು ಎಡವುವುದು ಅಲ್ಲಿಯೇ. ಪಿನ್‌ಕೋಡಿನಲ್ಲಿ ಪ್ರಾಂತಕ್ಕೆ ಎಷ್ಟು ಅಂಕಿ, ಊರಿಗೆ ಎಷ್ಟು ಅಂಕಿ ಎಂಬುದು ನಿಶ್ಚಿತ. ಜಾಲದ ವಿಳಾಸದಲ್ಲಿ 32 ಸ್ಥಾನಗಳಿದ್ದು, ಒಂದೊಂದರಲ್ಲಿ ಸೊನ್ನೆ ಅಥವಾ ಒಂದು ಇರುತ್ತದೆ. ಇವುಗಳಲ್ಲಿ ಎಷ್ಟು ಊರನ್ನು ಸೂಚಿಸುತ್ತವೆ, ಎಷ್ಟು ಮನೆಯನ್ನು ಸೂಚಿಸುತ್ತವೆ ಎಂಬ ಗಡಿಯನ್ನು ಬೇಕಾದಂತೆ ಸರಿಸಬಹುದು. ಕೊನೆಯ ಎಂಟು ಸ್ಥಾನಗಳನ್ನು ಮನೆಗಳಿಗೆ ಬಿಟ್ಟರೆ ಎಷ್ಟು ಮನೆಗಳಾದವು? ಇದಕ್ಕೆ ನಾನು ಲೆಕ್ಕ ಹಾಕಬೇಕಾಗಲಿಲ್ಲ. ಲಘು, ಗುರು ಎಂಬ ಎರಡೇ ಬೀಜಗಳಿಂದ ಎಂಟು ಅಕ್ಷರಗಳ ಪಾದವನ್ನು ಎಷ್ಟು ಬಗೆಯಾಗಿ ಕಟ್ಟಬಹುದು ಎಂಬ ಪ್ರಸ್ತಾರವನ್ನು ಛಂದಸ್ಸಿನ ತರಗತಿಯಲ್ಲಿ ಹಲಗೆ ತುಂಬ ಬರೆದಿದ್ದೇನೆ. ಮೂರು ಅಕ್ಷರಕ್ಕೆ ಎಂಟು ಗಣ. ಎಂಟು ಅಕ್ಷರದ ಅನುಷ್ಟುಪ್ಪಿಗೆ 256 ವೃತ್ತ. ಇಲ್ಲಿಯೂ 256. ಅದರಲ್ಲಿ ಒಂದು ಓಣಿಯ ಹೆಸರಿಗೂ ಇನ್ನೊಂದು ಓಣಿಗೆಲ್ಲ ಡಂಗುರ ಸಾರುವುದಕ್ಕೂ ಮೀಸಲಾಗಿ, 254 ಉಳಿಯುತ್ತವೆ. 32 ಸ್ಥಾನಗಳ ಪ್ರಸ್ತಾರವೆಂದರೆ ಸುಮಾರು 429 ಕೋಟಿ ವಿಳಾಸಗಳು. ಅವೂ ಸಾಲದೆ ಬಂದು ಈಗ 128 ಸ್ಥಾನಗಳ ಹೊಸ ಪದ್ಧತಿ ನಡೆಯುತ್ತಿದೆ. ಪ್ರಸ್ತಾರ ಹಾಕಲು ಬಲ್ಲ ಕನ್ನಡ ವಿದ್ಯಾರ್ಥಿಗೆ ಈ ಗಣಿತ ಕಬ್ಬಿಣದ ಕಡಲೆಯಾಗಬೇಕಾಗಿಲ್ಲ.

ಕಸುಬಿನ ವಿಚಾರಕ್ಕೆ ಬರೋಣ. ಜಾಲ ಕಟ್ಟುವ, ಕಾಯುವ ಕೆಲಸ ನಮ್ಮ ಕಡೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗಾಗಿ 128 ಜೋಡಣೆಗಳ ಒಂದು ಸಣ್ಣ ಸ್ವಯಂಚಾಲಿತ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿತು. ನಮ್ಮ ಧೂಳು, ನಮ್ಮ ಬಿಸಿಲು ತಡೆದುಕೊಂಡು, ತಂಪು ಯಂತ್ರದ ಹಂಗಿಲ್ಲದೆ ನಡೆಯಬೇಕೆಂಬುದು ಅದರ ಉದ್ದೇಶ. ಅದು ಮೊದಲು ಕಾರ್ಯಾರಂಭ ಮಾಡಿದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಂಥ ಕೇಂದ್ರಗಳಲ್ಲಿ ದುಡಿದ ಲೈನ್‌ಮನ್ನರು, ತಂತ್ರಜ್ಞರು ಸರಕಾರದ ಖಾಯಂ ನೌಕರರಾಗಿದ್ದರು. ಆ ಕಾಲ ಹೋಯಿತು. 2020ರ ಜನವರಿ 31ರಂದು ಬಿ.ಎಸ್.ಎನ್.ಎಲ್.ನಿಂದ ಒಂದೇ ದಿನ ಸುಮಾರು 78,000 ಮಂದಿ ಸ್ವಯಂ ನಿವೃತ್ತಿ ಪಡೆದರು. ಇಂದು ಊರೂರಿನಲ್ಲಿ ತಂತಿ ಎಳೆಯುವ, ದುರಸ್ತಿ ಮಾಡುವ ಕೆಲಸ ಬಹುಮಟ್ಟಿಗೆ ಗುತ್ತಿಗೆದಾರರ ಮತ್ತು ಕೇಬಲ್‌ನವರ ಕೈಯಲ್ಲಿದೆ. ನೌಕರಿಯ ಭದ್ರತೆ ಕಡಿಮೆಯಾಯಿತು. ಅದರೊಂದಿಗೆ ಸೇರುವ ಬಾಗಿಲೂ ತಗ್ಗಿತು ಎಂಬುದನ್ನು ಮರೆಯಬಾರದು.

ಆ ಬಾಗಿಲು ಸವಣೂರಿನಲ್ಲಿಯೇ ಇದೆ ಎಂಬುದು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಮನೆಮನೆಗೆ ಇಂಟರ್‌ನೆಟ್ ಕೊಡುವ ಕೇಬಲ್‌ನವರ ಬಳಿ ಆರು ತಿಂಗಳು ಕೆಲಸಕ್ಕೆ ನಿಂತ ಹುಡುಗ ಕಲಿಯುವುದನ್ನು ಯಾವ ತರಗತಿಯೂ ಕಲಿಸಲಾರದು. ಗಾಜಿನ ಎಳೆಯನ್ನೇ ನೋಡಿ. ಅದರ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಹರಿಯುವ ಒಳತಿರುಳು ಇನ್ನೂ ಹತ್ತಾರು ಪಟ್ಟು ಸಣ್ಣದು. ಕಡಿದ ಎರಡು ತುದಿಗಳನ್ನು ಸುಲಿದು, ಒರೆಸಿ, ನೆಟ್ಟಗೆ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು ಬೆಸೆಯಬೇಕು. ಒಂದು ಕಣ ಧೂಳು ಕುಳಿತರೆ ಬೆಸುಗೆ ಕೆಟ್ಟಿತು. ಬೇಸಗೆಯ ಗಾಳಿಯಲ್ಲಿ ರಸ್ತೆಯ ಬದಿಗೆ ಕುಳಿತು ಇದನ್ನು ಮಾಡುವವನ ಕೈಯನ್ನು ಅಕ್ಕಸಾಲಿಗನ ಕೈಗೆ ಹೋಲಿಸಿದರೆ ತಪ್ಪಾಗದು. ಇನ್ನು ಕಡಿದ ಜಾಗವನ್ನು ಪತ್ತೆಹಚ್ಚುವ ಕ್ರಮ. ಓ.ಟಿ.ಡಿ.ಆರ್. ಎಂಬ ಉಪಕರಣ ಎಳೆಯೊಳಗೆ ಬೆಳಕಿನ ಮಿಡಿತವೊಂದನ್ನು ಬಿಟ್ಟು, ಅದು ಮರಳಿ ಬರುವ ವೇಳೆಯನ್ನು ಅಳೆಯುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಲ್ಲಿ ಅದು ಮರಳಿದರೆ ಹೋಗಿ ಬಂದದ್ದು 20 ಕಿಲೋಮೀಟರ್, ಕಡಿದದ್ದು ಹತ್ತನೆಯ ಕಿಲೋಮೀಟರಿನಲ್ಲಿ. ಬಾವಿಗೆ ಕಲ್ಲು ಹಾಕಿ ಸದ್ದು ಬರುವ ಹೊತ್ತಿನಿಂದ ಆಳ ಊಹಿಸುವ ಹಳ್ಳಿಗನ ಜಾಣತನವೇ ಇದು.

ನನ್ನ ವಿದ್ಯಾರ್ಥಿಯೊಬ್ಬ, ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದವನು, ಬೇರೆ ಗತಿಯಿಲ್ಲದೆ ಹೀಗೆ ಕೇಬಲ್‌ನವರಲ್ಲಿ ಸೇರಿದ. ಅವನಿಗಿದ್ದ ಒಂದು ಅಭ್ಯಾಸ ಉಲ್ಲೇಖಾರ್ಹ. ದಿನದ ಪ್ರತಿಯೊಂದು ದೂರನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿಯೇ ಬರೆದಿಡುತ್ತಿದ್ದ: ಗಿರಾಕಿ ಹೇಳಿದ್ದೇನು, ತಾನು ಮೊದಲು ಊಹಿಸಿದ್ದೇನು, ಕಡೆಗೆ ಸಿಕ್ಕಿದ್ದೇನು. ದೀಪ ಹೊತ್ತಿದೆಯೆ, ತಂತಿ ಸರಿಯಿದೆಯೆ, ತನ್ನ ವಿಳಾಸ ಸರಿಯಿದೆಯೆ, ಪಕ್ಕದ ರೌಟರ್ ಓಗೊಡುತ್ತದೆಯೆ, ದೂರದ್ದು ಓಗೊಡುತ್ತದೆಯೆ ಎಂದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ಪರೀಕ್ಷಿಸುವ ಕ್ರಮ ಅವನಿಗೆ ಆ ಪುಸ್ತಕದಿಂದಲೇ ಬಂದಿತು. ಎರಡು ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ಸಂದರ್ಶನಕ್ಕೆ ಹೋದಾಗ ಅವನು ಪದವಿಪತ್ರಕ್ಕಿಂತ ಮೊದಲು ತೋರಿಸಿದ್ದು ಆ ನೋಟ್‌ಬುಕ್ಕನ್ನು. ಕೆಲಸ ಸಿಕ್ಕಿತು. ಈಗ ಬೆಂಗಳೂರಿನಲ್ಲಿ ರಾತ್ರಿಪಾಳಿಯಲ್ಲಿ ಕುಳಿತು ಹೊರದೇಶದ ಜಾಲವೊಂದನ್ನು ಕಾಯುತ್ತಾನೆ. ರಾತ್ರಿಪಾಳಿ ಹಗುರದ್ದಲ್ಲ ಎಂಬುದನ್ನೂ ಹೇಳಬೇಕು. ಮೊದಲ ವರ್ಷಗಳಲ್ಲಿ ನಿದ್ರೆ, ಊಟ, ಹಬ್ಬ ಎಲ್ಲಕ್ಕೂ ಅದು ಅಡ್ಡ ಬರುತ್ತದೆ.

ಹಾಗಾದರೆ ಪ್ರಮಾಣಪತ್ರಗಳು ಬೇಡವೆ? ಬೇಕು, ಆದರೆ ಸರದಿಯಂತೆ. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಸಿಸ್ಕೋ ಕಂಪನಿ 1998ರಲ್ಲಿ ಆರಂಭಿಸಿದ ಸಿ.ಸಿ.ಎನ್.ಎ. ಅದರ ಪರೀಕ್ಷೆ ಎರಡು ಗಂಟೆಯದು. ಶುಲ್ಕವೇ 300 ಡಾಲರ್, ಮೇಲೆ ತೆರಿಗೆ. ನಮ್ಮ ಹಣದಲ್ಲಿ 25,000 ರೂಪಾಯಿ ದಾಟುತ್ತದೆ. ಪ್ರಮಾಣಪತ್ರದ ಆಯುಸ್ಸು ಮೂರು ವರ್ಷ. ಆಮೇಲೆ ಮತ್ತೆ ತನ್ನ ಅರ್ಹತೆಯನ್ನು ತೋರಿಸಬೇಕು. ನನ್ನ ಎಂ.ಎ. ಪದವಿಗೆ ನಾಲ್ಕು ದಶಕ ಕಳೆದಿದ್ದರೂ ಅದನ್ನು ನವೀಕರಿಸಿ ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ನಮ್ಮ ಅಧ್ಯಾಪಕ ವರ್ಗಕ್ಕೆ ಒಳ್ಳೆಯದೇ ಆಗುತ್ತಿತ್ತೇನೋ. ಅಭ್ಯಾಸಕ್ಕೆ ದುಬಾರಿ ಯಂತ್ರಗಳು ಬೇಕಾಗಿಲ್ಲ. ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಒಂದು ಹಳೆಯ ಕಂಪ್ಯೂಟರಿನೊಳಗೆ ಹತ್ತು ರೌಟರುಗಳ ಜಾಲವನ್ನು ಕಟ್ಟಿ, ಬೇಕೆಂದೇ ಕೆಡಿಸಿ, ದುರಸ್ತಿ ಮಾಡಬಹುದು. ಐ.ಟಿ.ಐ.ಗಳಲ್ಲಿ ಕಂಪ್ಯೂಟರ್ ಯಂತ್ರಾಂಶ ಮತ್ತು ಜಾಲ ನಿರ್ವಹಣೆಗೆ ಪ್ರತ್ಯೇಕ ವೃತ್ತಿ ಶಿಕ್ಷಣವಿದೆ; ಹಾವೇರಿಯ ಬಳಿ ದೇವಗಿರಿಯಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜೂ ಇದೆ.

ದುಃಖದ ಸಂಗತಿಯೆಂದರೆ ಈ ಪರೀಕ್ಷೆಗಳ ಪ್ರಶ್ನೋತ್ತರಗಳನ್ನು ಕದ್ದು ಮಾರುವವರಿದ್ದಾರೆ, ಅವನ್ನು ಉರುಹೊಡೆಸಿ ಪಾಸು ಮಾಡಿಸುವ ಸಂಸ್ಥೆಗಳೂ ಇವೆ. ಹಾಗೆ ಪಾಸಾದವನು ಸಂದರ್ಶನದ ಮೂರನೆಯ ಪ್ರಶ್ನೆಗೆ ಬೀಳುತ್ತಾನೆ. ಹೊಲ ಮಾತ್ರ ಒತ್ತೆಯಲ್ಲಿ ಉಳಿಯುತ್ತದೆ. "ನೌಕರಿ ಖಾತ್ರಿ" ಎನ್ನುವವರನ್ನು ಎರಡು ಮಾತು ಕೇಳಬೇಕು. ಕಳೆದ ವರ್ಷ ಇಲ್ಲಿ ಕಲಿತವರಲ್ಲಿ ಐವರೊಂದಿಗೆ ಮಾತನಾಡಿಸುತ್ತೀರಾ? ಖಾತ್ರಿಯ ಮಾತನ್ನು ರಸೀತಿಯ ಮೇಲೆ ಬರೆದುಕೊಡುತ್ತೀರಾ? ಆ ರೈತರಿಗೆ ನಾನು ಇದನ್ನೇ ಹೇಳಿ ಕಳಿಸಿದೆ. ಅವರು ಕೇಳಿದರು, ಆ ಕಡೆಯಿಂದ ಮತ್ತೆ ಫೋನು ಬರಲಿಲ್ಲ.

ಇಂಗ್ಲಿಷಿನ ಭಯದ ಬಗೆಗೂ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಕ್ಷೇತ್ರ ತಮಗಲ್ಲ ಎಂದು ಹಿಂದೆ ಸರಿಯುವುದನ್ನು ಕಂಡಿದ್ದೇನೆ. ರೌಟರಿಗೆ ಕೊಡುವ ಆಜ್ಞೆಗಳ ಶಬ್ದಸಂಪತ್ತು ಬಹಳ ಚಿಕ್ಕದು. ಶಾಲೆಯ ಹುಡುಗನೂ ಒಂದು ತಿಂಗಳಲ್ಲಿ ಕಲಿಯಬಲ್ಲ. ಕಷ್ಟವಿರುವುದು ಬೇರೆ ಕಡೆ: ಏನು ಕೆಟ್ಟಿತ್ತು, ಏನು ಮಾಡಿದೆ ಎಂಬುದನ್ನು ನಾಲ್ಕು ಸಾಲಿನ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯುವುದು. ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬಲ್ಲವನಿಗೆ ಅದು ಕ್ರಮೇಣ ಬರುತ್ತದೆ. ಕನ್ನಡದಲ್ಲಿಯೂ ಗೊಂದಲವಾಗಿ ಬರೆಯುವವನನ್ನು ಇಂಗ್ಲಿಷು ಕಾಪಾಡುವುದಿಲ್ಲ. ಜಾಲದ ನಿಯಮಗಳೆಲ್ಲ 1969ರಿಂದ ಆರ್.ಎಫ್.ಸಿ. ಎಂಬ ಸಾರ್ವಜನಿಕ ಪತ್ರಗಳಲ್ಲಿ, ಕಾಸಿಲ್ಲದೆ ಓದುವಂತೆ, ಪ್ರಕಟವಾಗುತ್ತ ಬಂದಿವೆ. ಮೂಲವನ್ನೇ ಓದುವ ಶಿಸ್ತುಳ್ಳವರಿಗೆ ಇಷ್ಟು ಉದಾರವಾದ ವಿದ್ಯೆ ಮತ್ತೊಂದಿಲ್ಲ.

ಮೇಲಕ್ಕೆ ಏರಿದವರ ಮುಂದೆ ದಾರಿಗಳು ಕವಲೊಡೆಯುತ್ತವೆ. ಜಾಲದ ರಕ್ಷಣೆ ಒಂದು, ದೊಡ್ಡ ಕಂಪನಿಗಳ ಬಾಡಿಗೆ ಕಂಪ್ಯೂಟರುಗಳ ನಡುವೆ ಜಾಲ ಹೆಣೆಯುವುದು ಒಂದು. ನೂರು ಯಂತ್ರಗಳ ಮುಂದೆ ಕುಳಿತು ಒಂದೇ ಆಜ್ಞೆಯನ್ನು ನೂರು ಸಲ ಬೆರಳಚ್ಚಿಸುವ ಕೆಲಸ ಇನ್ನು ಮುಂದೆ ಉಳಿಯದು. ಪೈಥಾನ್ ಭಾಷೆಯ ಹತ್ತು ಸಾಲು ಅದನ್ನು ಮಾಡಿಬಿಡುತ್ತದೆ. ಆದಕಾರಣ ಸೇರಿ ಎರಡು ಮೂರು ವರ್ಷವಾದವರು ಆ ಭಾಷೆಯನ್ನು ಕಲಿತಿರಲೇಬೇಕು. ದಾಖಲೆಗಳನ್ನು ಓದಿ ದೋಷ ಸೂಚಿಸುವ ಕೃತಕ ಬುದ್ಧಿಯ ಸಾಧನಗಳೂ ಬಂದಿವೆ. ಆದರೆ ಜೆ.ಸಿ.ಬಿ. ಕಿತ್ತ ಕೇಬಲನ್ನು ಅವು ಬೆಸೆಯಲಾರವು.

ಊರು ಬಿಡಲೊಲ್ಲದವರಿಗೂ ಕೆಲಸ ಹೆಚ್ಚುತ್ತಿದೆ. ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆ ಮುಟ್ಟಿಸುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿಕೊಂಡಿತು. 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಅನುಮತಿ ದೊರೆಯಿತು. ಅದರಲ್ಲಿ ಮನೆಗಳಿಗೆ ಜೋಡಣೆ ಕೊಡುವ, ಕಾಯುವ ಹೊಣೆಯನ್ನು ಸ್ಥಳೀಯ ಉದ್ಯಮಿಗಳಿಗೆ ಆದಾಯದ ಪಾಲಿನ ಮೇಲೆ ವಹಿಸುವ ಏರ್ಪಾಡಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಟೆಂಡರು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಜಾಲ ಒಂದು ಗಂಟೆ ನಿಂತರೆ ಚೀಲ ಇಳಿಸಿದ ರೈತ ಒಂದು ಗಂಟೆ ಕಾಯುತ್ತಾನೆ. ಆಸ್ಪತ್ರೆ, ಕಾಲೇಜು, ಸಹಕಾರಿ ಸಂಘ, ಪೊಲೀಸು ಕ್ಯಾಮೆರಾ, ಎಲ್ಲಕ್ಕೂ ಈಗ ಹತ್ತಿರದಲ್ಲಿ ಒಬ್ಬ ಬಲ್ಲವ ಬೇಕು. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದನ್ನು ತಡೆಯುವ ಕಾರಣ ಯಾವುದೂ ನನಗೆ ಕಾಣದು. ಕಂಬ ಹತ್ತುವುದು ಈ ವಿದ್ಯೆಯ ಒಂದು ತುದಿ ಮಾತ್ರ.

ಆರಂಭಿಸಲು ಬೇಕಾದ ಸಾಮಾನು ಅಲ್ಪ: ಒಂದು ನೋಟ್‌ಬುಕ್ಕು, ಎಂಟು ಬಣ್ಣದ ಎಳೆಗಳ ತಂತಿ ಹತ್ತು ಮೀಟರ್, ಅದರ ತುದಿಗೆ ಹಾಕುವ ಪಿನ್ನುಗಳು, ಅವನ್ನು ಅದುಮುವ ಕ್ರಿಂಪಿಂಗ್ ಇಕ್ಕಳ. ಹುಬ್ಬಳ್ಳಿಯ ಪೇಟೆಯಲ್ಲಿ ಆ ಇಕ್ಕಳ ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ.