ಅಳಿಯನಿಗೆ ಸ್ವಿಸ್ ವಾಚು ಕೊಳ್ಳುವ ಮುನ್ನ

ಮದುವೆಯಲ್ಲಿ ಅಳಿಯನ ಕೈಗೆ ವಾಚು ಕಟ್ಟುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಶುರುವಾದ ಮೇಲೆ ಬಹಳ ಕಾಲ ಅದೇ ದೊಡ್ಡ ಉಡುಗೊರೆ. ಈಗ ಆಸೆ ರೋಲೆಕ್ಸ್, ಒಮೆಗಾಗಳವರೆಗೆ ಹೋಗಿದೆ. (ಹೋಗಬೇಕಿತ್ತೇ ಎನ್ನುವುದು ಬೇರೆ ಮಾತು!) ಹೊಸದರ ಬೆಲೆ ಕೇಳಿ ಎದೆ ಧಸಕ್ಕೆಂದಿರುವಾಗ, ಫೋನಿನ ಜಾಹೀರಾತಿನಲ್ಲಿ ಯಾರೋ ಒಬ್ಬರು ತಾವು ಕಟ್ಟಿದ ವಾಚನ್ನು "ಅರ್ಧ ಬೆಲೆಗೆ ಕೊಡ್ತೀನಿ, ಇವತ್ತೇ ಅಡ್ವಾನ್ಸ್ ಹಾಕಿ" ಅಂತಾರೆ. ಹಾಕಬೇಡಿ.

ಸೆಕೆಂಡಿನ ಮುಳ್ಳು ನುಣ್ಣಗೆ ಜಾರಿದರೆ ಅಸಲಿ ಎನ್ನುವವರುಂಟು. ನಕಲಿಯಲ್ಲೂ ಜಾರುತ್ತೆ ಕಣ್ರೀ! ಡಬ್ಬಿ, ಗ್ಯಾರಂಟಿ ಕಾರ್ಡುಗಳನ್ನೂ ನಕಲು ಮಾಡುತ್ತಾರೆ. ಕಾರ್ಡಿನ ಸಂಖ್ಯೆಯೂ ವಾಚಿನ ಮೇಲೆ ಕೆತ್ತಿದ ಸಂಖ್ಯೆಯೂ ಒಂದೇ ಆಗಿರಬೇಕು, ನಿಜ. ಆದರೆ ಸಂಖ್ಯೆ ಕೆತ್ತುವುದೇನು ದೊಡ್ಡ ವಿದ್ಯೆ? ಹೊರಗಿನ ಕವಚ ಅಸಲಿಯಾಗಿದ್ದು ಒಳಗಿನ ಯಂತ್ರ ಬೇರೆಯದಾಗಿರುವುದೂ, ಹಳೆಯ ಡಯಲ್‌ಗೆ ಹೊಸ ಬಣ್ಣ ಬಳಿದಿರುವುದೂ ಉಂಟು. ಆದ್ದರಿಂದ ಹಿಂಬದಿಯ ಮುಚ್ಚಳ ತೆಗೆಸಿ ನೋಡದೆ ವ್ಯಾಪಾರದ ಮಾತೇ ಬೇಡ. ಆ ಕಂಪೆನಿಯ ಸರ್ವಿಸ್ ಕೇಂದ್ರಕ್ಕೋ, ನೀವೇ ಆರಿಸಿದ ಅನುಭವಸ್ಥ ರಿಪೇರಿಯವರಲ್ಲಿಗೋ ಮಾರುವವರನ್ನು ಬರಹೇಳಿ. "ನಮ್ಮ ಗುರುತಿನವರ ಹತ್ತಿರವೇ ತೋರಿಸೋಣ" ಎಂದರೆ ಒಪ್ಪಬೇಡಿ.

ಹಣ ಅನಂತರ, ಅದೂ ಬ್ಯಾಂಕಿನ ಮೂಲಕ, ಅವರ ಗುರುತಿನ ಚೀಟಿಯಲ್ಲಿರುವ ಹೆಸರಿನ ಖಾತೆಗೇ. ಮೊದಲು ಕೊಂಡ ಬಿಲ್ಲನ್ನೂ, ವಾಚಿನ ಸಂಖ್ಯೆ ಬರೆದು ಸಹಿ ಮಾಡಿದ ರಸೀದಿಯನ್ನೂ ಕೇಳಿ ಪಡೆಯಿರಿ. ಕದ್ದ ಮಾಲಾಗಿದ್ದರೆ ಪೊಲೀಸರು ಅಳಿಯನ ಕೈಯಿಂದಲೇ ಬಿಚ್ಚಿಸಿಯಾರು! ಹಣ ಕಳಿಸಿ ಮೋಸಹೋದದ್ದು ತಿಳಿದ ಕೂಡಲೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಮನೆಯವರು ಏನಂದಾರೋ ಎಂದು ಮುಚ್ಚಿಟ್ಟು ಕೂತರೆ, ಅಷ್ಟರಲ್ಲಿ ಆ ಹಣ ಖಾತೆಯಿಂದ ಖಾತೆಗೆ ದಾಟಿರುತ್ತದೆ.