ಘಟ್ಟದ ಜ್ವರವೂ ಹಿಮಾಲಯದ ಏದುಸಿರೂ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತರುಣರು ಬೇಸಗೆಯ ರಜೆಯಲ್ಲಿ ಹಿಮಾಲಯದ ಚಾರಣಕ್ಕೆ ಹೊರಡುವುದು ಈಗ ಅಪೂರ್ವವಾದ ಸಂಗತಿಯಾಗಿ ಉಳಿದಿಲ್ಲ. ದೇವಿಮನೆ, ದೊಡ್ಡಮನೆ, ಅರಬೈಲು ಘಟ್ಟಗಳನ್ನು ಹತ್ತಿಳಿದು ಬೆಳೆದವರಿಗೆ ಬೆಟ್ಟದ ಭಯವೇಕೆ ಎಂಬ ಮಾತನ್ನು ನಾವು ಪದೇ ಪದೇ ಕೇಳಿದ್ದೇವೆ. ಅಲ್ಲಿ ತಲೆನೋವು, ಓಕರಿಕೆಗಳಿಂದ ನರಳಿ ಹಿಂತಿರುಗಿದವರು ‘ಹವೆ-ನೀರು ಒಗ್ಗಲಿಲ್ಲ’ ಎನ್ನುವುದನ್ನೂ ಕೇಳಿದ್ದೇವೆ. ವೈದ್ಯಶಾಸ್ತ್ರದ ವಿಷಯವನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ‘ಹವೆ-ನೀರು’ ಎಂಬ ಈ ವಿವರಣೆಗೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಒಂದು ಇತಿಹಾಸವೇ ಇದೆ. ಅದನ್ನು ಮರೆತು ಹಿಮಾಲಯದ ಕಾಯಿಲೆಯನ್ನು ಅರಿಯಹೊರಟರೆ ದಾರಿ ತಪ್ಪುವ ಸಂಭವವುಂಟು.

೧೮೬೨ರಲ್ಲಿ ಕನ್ನಡ ಜಿಲ್ಲೆಯ ಉತ್ತರಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಲ್ಲಿಂದೀಚೆಗೆ ಘಟ್ಟದ ಮೇಲಿನ ಸೀಮೆಯ ಹೆಸರು ಜ್ವರದೊಡನೆಯೇ ಕೂಡಿಕೊಂಡು ಬಂದಿತು. ೧೮೮೩ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಸೆಟಿಯರಿನ ಕನ್ನಡ ಜಿಲ್ಲೆಯ ಸಂಪುಟಗಳಲ್ಲಿಯೂ ಈ ಕಾಡುಸೀಮೆಯ ಜ್ವರದ ಪ್ರಸ್ತಾಪ ಬಾರದೆ ಇಲ್ಲ. ಕರಾವಳಿಯಿಂದಲೋ ಬಯಲುಸೀಮೆಯಿಂದಲೋ ಇಲ್ಲಿಗೆ ಬಂದವನಿಗೆ ಚಳಿಜ್ವರ ತಪ್ಪಿದ್ದಲ್ಲವೆಂಬ ಭಾವನೆ ಬಹುಕಾಲ ಬಲವಾಗಿದ್ದಿತು. ಇಲ್ಲಿಯೇ ಹುಟ್ಟಿದ ಮಕ್ಕಳಲ್ಲಿ ಜ್ವರಗಡ್ಡೆ, ಅಂದರೆ ಊದಿಕೊಂಡ ಗುಲ್ಮ, ಸಾಮಾನ್ಯವಾದ ಲಕ್ಷಣವಾಗಿದ್ದಿತು. ಕಾರಣವನ್ನು ಕೇಳಿದರೆ ಕೊಳೆತ ತರಗೆಲೆ, ತೋಟದ ತಂಪು, ಕಾಡಿನ ಕೆಟ್ಟ ಗಾಳಿ ಎಂಬ ಉತ್ತರ ಬರುತ್ತಿದ್ದಿತು. ಇದು ನಮ್ಮವರೊಬ್ಬರ ಅಜ್ಞಾನವೆಂದು ಯಾರೂ ಹಳಿಯಬೇಕಾಗಿಲ್ಲ. ‘ಮಲೇರಿಯಾ’ ಎಂಬ ಇಟಾಲಿಯನ್ ಮೂಲದ ಪದಕ್ಕೂ ‘ಕೆಟ್ಟ ಗಾಳಿ’ ಎಂದೇ ಅರ್ಥ.

ಗಾಳಿಯು ನಿರಪರಾಧಿಯೆಂದು ತೋರಿಸಿಕೊಟ್ಟವನು ರೊನಾಲ್ಡ್ ರಾಸ್. ಆತನು ೧೮೯೭ರ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡನು. ನಮ್ಮ ಸೀಮೆಯಲ್ಲಿ ಮುಖ್ಯವಾಗಿ ರೋಗವನ್ನು ಹರಡುತ್ತಿದ್ದುದು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಜಾತಿಯ ಸೊಳ್ಳೆ. ಕೊಳೆತ ನೀರು ಅದಕ್ಕೆ ಬೇಡ. ಮೆಲ್ಲನೆ ಹರಿಯುವ ತಿಳಿಯಾದ ಹಳ್ಳ, ಕಾಲುವೆಗಳ ಅಂಚಿನ ಹುಲ್ಲೇ ಅದರ ತವರು. ಅಡಕೆತೋಟಕ್ಕೂ ಗದ್ದೆಗೂ ಜೀವಾಳವಾದ ನೀರಿನ ಪಕ್ಕದಲ್ಲಿಯೇ ಸೊಳ್ಳೆಯೂ ಬೆಳೆಯುತ್ತಿದ್ದಿತೆಂದಾಯಿತು. ಬೇಸಾಯವನ್ನು ಬಿಡದೆ ಅದನ್ನು ತೊಲಗಿಸುವುದು ಸುಲಭವಾಗಿರಲಿಲ್ಲ.

೧೯೪೫-೪೬ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಗಳ ಒಳಗೋಡೆಗೆ ಡಿ. ಡಿ. ಟಿ. ಸಿಂಪಡಿಸುವ ಕಾರ್ಯ ಆರಂಭವಾಯಿತು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆ. ಅಲ್ಲಿ ವಿಷ ತಗಲಿ, ರೋಗವನ್ನು ಮತ್ತೊಬ್ಬರಿಗೆ ದಾಟಿಸುವ ಮೊದಲೇ ಸಾಯುತ್ತದೆ. ೧೯೫೩ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು ದೇಶಕ್ಕೆಲ್ಲ ಅನ್ವಯಿಸಿದ ವಿಧಾನವೂ ಇದೇ. ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಘಟ್ಟದ ಎತ್ತರ ಬದಲಾಗಲಿಲ್ಲ, ಮಳೆ ಬದಲಾಗಲಿಲ್ಲ, ಕಾಡಿನ ಗಾಳಿಯೂ ಬದಲಾಗಲಿಲ್ಲ. ಬದಲಾದುದು ಮನೆಯ ಗೋಡೆ ಮಾತ್ರ, ಜ್ವರವು ಇಳಿಮುಖವಾಯಿತು. (೧೯೫೭ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟು, ಮುಂದೆ ಸಿದ್ದಾಪುರ ತಾಲ್ಲೂಕನ್ನೂ ಕಾಡಿದ ಮಂಗನ ಕಾಯಿಲೆಯೂ ಉಣುಗಿನ ಕಡಿತದಿಂದ ಬರುವುದೇ ಹೊರತು ಗಾಳಿಯಿಂದಲ್ಲ.)

ಹಿಮಾಲಯದಲ್ಲಿ ಕಥೆ ತಿರುಗುಮುರುಗಾಗಿದೆ. ಅಲ್ಲಿನ ಎತ್ತರದ ದಾರಿಗಳಲ್ಲಿ ಬರುವ ತಲೆಶೂಲೆ, ಉಸಿರುಗಟ್ಟುವಿಕೆಗಳನ್ನು ಮಲೆನಾಡಿಗರಂತೆಯೇ ಪಹಾಡಿ ಜನರೂ ವಿಷದ ಗಾಳಿಗೆ ಆರೋಪಿಸಿದರು. ಕೆಲವರು ಹೂಗಿಡಗಳ ವಾಸನೆಯೇ ಕಾರಣವೆಂದರು. ಮಧ್ಯ ಏಷ್ಯದ ಇತಿಹಾಸಕಾರ ಮಿರ್ಜಾ ಹೈದರನು ತನ್ನ ‘ತಾರೀಖ್-ಎ-ರಷೀದಿ’ಯಲ್ಲಿ ಇದನ್ನು ‘ದಮ್‌ಗಿರಿ’ ಎಂದು ಕರೆದು, ಉಸಿರಿನ ಸಂಕಟವನ್ನೂ ನಿದ್ರಾಭಂಗವನ್ನೂ ವರ್ಣಿಸಿದ್ದಾನೆ. ಅವನ ಒಡೆಯನಾದ ಯಾರ್ಕಂದದ ಸುಲ್ತಾನ ಸಯೀದ್ ಖಾನನು ಲಡಾಖಿನ ದಂಡಯಾತ್ರೆಯಿಂದ ಹಿಂದಿರುಗುವಾಗ ೧೫೩೩ರಲ್ಲಿ ದಾರಿಯಲ್ಲಿಯೇ ಇದರಿಂದ ಮೃತನಾದನು. ಸೇನೆಯಾಗಲಿ ಸಿಂಹಾಸನವಾಗಲಿ ಅವನ ನೆರವಿಗೆ ಬರಲಿಲ್ಲ. ಪೆರು ದೇಶದ ಪರ್ವತಗಳನ್ನು ದಾಟಿದ ಸ್ಪೇನಿನ ಪಾದ್ರಿ ಅಕೋಸ್ತನು ಮಾತ್ರ, ಅಲ್ಲಿನ ಗಾಳಿಯು ಮನುಷ್ಯನ ಉಸಿರಿಗೆ ಒಗ್ಗದಷ್ಟು ತೆಳುವಾದುದೆಂದು ೧೫೯೦ರ ತನ್ನ ಗ್ರಂಥದಲ್ಲಿ ಊಹಿಸಿದನು. ಆ ಊಹೆಯನ್ನು ಪ್ರಯೋಗಗಳಿಂದ ಸ್ಥಾಪಿಸಿದವನು ಫ್ರಾನ್ಸಿನ ಪಾಲ್ ಬೇರ್. ಅವನ ಗ್ರಂಥ ೧೮೭೮ರದು.

ಗಾಳಿಯಲ್ಲಿ ವಿಷವೇನೂ ಇಲ್ಲ. ಆಮ್ಲಜನಕದ ಪಾಲು ಎಲ್ಲೆಡೆಯಂತೆ ನೂರಕ್ಕೆ ಸುಮಾರು ೨೧ ಇದ್ದೇ ಇದೆ. ಕಡಮೆಯಾಗುವುದು ವಾಯುಭಾರ. ಸುಮಾರು ೩,೫೦೦ ಮೀಟರ್ ಎತ್ತರದ ಲೇಹದಲ್ಲಿ ಅದು ಸಮುದ್ರತೀರದ ಮೂರರಲ್ಲಿ ಎರಡು ಪಾಲು. ೫,೫೦೦ ಮೀಟರಿನಲ್ಲಿ ಅರ್ಧ. ಆದುದರಿಂದ ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಕುಗ್ಗುತ್ತದೆ. ದೇಹವು ಹೆಚ್ಚು ಉಸಿರಾಡಿ ಕ್ರಮೇಣ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಕಾಲಿನ ಬಲ ಈ ದಿನಗಳನ್ನು ಕಡಮೆಮಾಡಲಾರದು. ದೃಢಕಾಯನು ಬೇಗ ಏರುತ್ತಾನಾದ್ದರಿಂದ ಅವನಿಗೇ ಅಪಾಯ ಹೆಚ್ಚಾದರೂ ಆಶ್ಚರ್ಯವಿಲ್ಲ.

ಶಿರಸಿಯ ಎತ್ತರ ಸುಮಾರು ೬೦೦ ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ ೨,೦೦೦ ಮೀಟರನ್ನು ಮುಟ್ಟುವುದಿಲ್ಲ. ಈ ಕಾಯಿಲೆ ಸಾಮಾನ್ಯವಾಗಿ ತಲೆದೋರುವುದು ೨,೫೦೦ ಮೀಟರಿನ ಮೇಲೆ. ಹಾಗಾಗಿ ನಮ್ಮ ನಾಡಿನ ಯಾವ ಬೆಟ್ಟವೂ ಇದರ ಪಾಠವನ್ನು ಕಲಿಸಲಾರದು. ಭಾರತಕ್ಕೆ ಆ ಪಾಠ ದೊರೆತುದು ೧೯೬೨ರ ಚೀನಾ ಯುದ್ಧದಲ್ಲಿ. ಬಯಲಿನ ಸೈನಿಕರನ್ನು ಆಗ ಅವಸರದಿಂದ ಎತ್ತರಕ್ಕೆ ಸಾಗಿಸಬೇಕಾಯಿತು. ಇಂದರ್ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ರೋಗಪೀಡಿತರಾದ ೧,೯೨೫ ಸೈನಿಕರನ್ನು ಪರೀಕ್ಷಿಸಿ ೧೯೬೯ರಲ್ಲಿ ಪ್ರಕಟಿಸಿದ ಲೇಖನವು ಈ ವಿಷಯದಲ್ಲಿ ಇಂದಿಗೂ ಸ್ಮರಣೀಯ. ಅವರು ಅಶಕ್ತರಲ್ಲ, ಆಯ್ದು ತೆಗೆದ ಯೋಧರು ಎಂಬುದನ್ನು ಮರೆಯಲಾಗದು.

೨೦೨೪ರ ಜೂನಿನಲ್ಲಿ ಉತ್ತರಾಖಂಡದ ಸಹಸ್ತ್ರತಾಲಿನ ದಾರಿಯಲ್ಲಿ ಕರ್ನಾಟಕದ ತಂಡದ ಒಂಬತ್ತು ಮಂದಿ ಪ್ರಾಣ ತೆತ್ತರು. ಅದು ಹಿಮದ ಬಿರುಗಾಳಿಯ ಮತ್ತು ಚಳಿಯ ದುರಂತ; ಅದನ್ನು ಎತ್ತರದ ಕಾಯಿಲೆಯೊಡನೆ ಬೆರೆಸಬಾರದು. ಎಲ್ಲವನ್ನೂ ಒಂದೇ ‘ಹವೆ’ಯ ಹೆಸರಿನಲ್ಲಿ ಕಟ್ಟಿಹಾಕುವ ಹಳೆಯ ಅಭ್ಯಾಸ ಇಲ್ಲಿಯೂ ತಲೆಹಾಕುತ್ತದೆ.

ತಲೆನೋವಿನ ಜೊತೆಗೆ ಓಕರಿಕೆ, ಬಳಲಿಕೆ, ನಿದ್ರೆಯಿಲ್ಲದಿರುವಿಕೆ ಕಂಡರೆ ಅಂದಿನ ಏರುವಿಕೆಯನ್ನು ನಿಲ್ಲಿಸಬೇಕು. ೩,೦೦೦ ಮೀಟರಿನ ಮೇಲೆ ಮಲಗುವ ಸ್ಥಳದ ಎತ್ತರ ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚದಂತೆಯೂ ಮೂರು-ನಾಲ್ಕು ದಿನಕ್ಕೊಮ್ಮೆ ಬಿಡುವಿರುವಂತೆಯೂ ನೋಡಿಕೊಳ್ಳಬೇಕು. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು, ನೊರೆ ಕಫ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದು ತಿಳಿಯಬೇಕು. ಕುಡಿದವನಂತೆ ತೂರಾಡಿದರೆ, ಮಾತು ಗೊಂದಲವಾದರೆ ಮಿದುಳು ಊದಿಕೊಂಡಿದೆ. ಹೊರಡುವ ಮುನ್ನವೇ ವೈದ್ಯರನ್ನು ಕೇಳಿ ಅಸೆಟಜೋಲಮೈಡ್ ತೆಗೆದುಕೊಳ್ಳುವುದುಂಟು. ಆದರೆ ಈ ಎರಡು ಸ್ಥಿತಿಗಳಲ್ಲಿ ಮಾತ್ರೆಯನ್ನು ನೆಚ್ಚಿ ಕುಳಿತಿರಲಾಗದು. ಆಮ್ಲಜನಕವಿದ್ದರೆ ಕೊಡುತ್ತ, ರೋಗಿಯನ್ನು ಒಬ್ಬನೇ ಬಿಡದೆ, ಬೆಳಗಾಗಲಿ ಎಂದು ಕಾಯದೆ, ಕೆಳಕ್ಕೆ ಇಳಿಸಬೇಕು. ೩೦೦ರಿಂದ ೧,೦೦೦ ಮೀಟರ್ ಇಳಿದಷ್ಟಕ್ಕೇ ಚೇತರಿಕೆ ತೋರುವುದು ಸಾಮಾನ್ಯ.